ಹೆರಾಲ್ಡ್ ಯಾಕೆ ಮನೆ ಬಿಟ್ಟು ಹೋಗಲಿಲ್ಲ? ಬ್ರಿಟಿಷ್ ಟೀವಿಯ ಇಕ್ಕಟ್ಟಿನ ಮನೆಗಳ ಬಗ್ಗೆ ಒಂದು ಚರ್ಚೆ

ಪಡಸಾಲೆ:
ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಅಪ್ಪನನ್ನು ನೋಡಿಕೊಳ್ಳಲು ಕೆಲಸ ಬಿಟ್ಟು ಮೈಸೂರಿನ ಮನೆಯಲ್ಲಿದ್ದೇನೆ. ಎರಡು ಕೋಣೆ, ಒಂದು ಪಡಸಾಲೆ, ನಾವಿಬ್ಬರೇ. ರಾತ್ರಿ ಅಪ್ಪ ಮಲಗಿದ ಮೇಲೆ ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿಗಳನ್ನು ನೋಡುವುದು ಅಭ್ಯಾಸವಾಗಿದೆ. ಹೋದ ವಾರ 'ಸ್ಟೆಪ್ಟೋ ಅಂಡ್ ಸನ್'ನ ಮೊಟ್ಟಮೊದಲ ಕಂತು 'ದಿ ಆಫರ್' ನೋಡಿದೆ. ನೋಡಿದ ಮೇಲೆ ಅವತ್ತು ನಿದ್ದೆ ಬರಲಿಲ್ಲ.

ನೋಡದವರಿಗೆ ಕಥೆ ಹೇಳುತ್ತೇನೆ. ಲಂಡನ್ನಿನ ಷೆಪರ್ಡ್ಸ್ ಬುಷ್ ಕಡೆ ಆಯಿಲ್ ಡ್ರಮ್ ಲೇನ್ ಎಂಬ ಕಲ್ಪಿತ ಬೀದಿ. ಅಲ್ಲಿ ಗುಜರಿ ವ್ಯಾಪಾರ ಮಾಡುವ ಅಪ್ಪ ಆಲ್ಬರ್ಟ್, ಮಗ ಹೆರಾಲ್ಡ್. ಮಗನಿಗೆ ವಯಸ್ಸು ಮೀರುತ್ತಿದೆ. ಕುದುರೆ ಗಾಡಿ ಹೊಡೆದುಕೊಂಡು ಬೀದಿ ಬೀದಿ ಸುತ್ತಿ ಹಳೇ ಸಾಮಾನು ತರುತ್ತಾನೆ, ಅಪ್ಪ ಮನೆಯಲ್ಲಿ ಕೂತು ಅದನ್ನು ಹಳಿಯುತ್ತಾನೆ. ಹೆರಾಲ್ಡ್‌ಗೆ ಓದಬೇಕು, ಒಳ್ಳೆಯ ಸಂಗೀತ ಕೇಳಬೇಕು, ನಾಲ್ಕು ಜನರ ನಡುವೆ ಸಭ್ಯಸ್ಥನಾಗಿ ಬದುಕಬೇಕು. ಯಾರೋ ತನಗೆ ಬೇರೆ ಕೆಲಸ ಕೊಡುತ್ತಾರೆ, ಹೊರಟೇಬಿಡುತ್ತೇನೆ ಅನ್ನುತ್ತಾನೆ. ಕೊನೆಗೆ ತನ್ನದೆಂಬ ಸಾಮಾನನ್ನೆಲ್ಲ ಗಾಡಿಗೆ ಹೇರುತ್ತಾನೆ. ಕುದುರೆಯನ್ನು ಅಪ್ಪ ಕೊಡುವುದಿಲ್ಲ. ತಾನೇ ಎಳೆಯಲು ನೋಡುತ್ತಾನೆ. ಗಾಡಿ ಒಂದಿಂಚೂ ಅಲ್ಲಾಡುವುದಿಲ್ಲ. ಅಲ್ಲೇ ಕುಸಿದು ಅಳುತ್ತಾನೆ. ಅಪ್ಪ ಮೆಲ್ಲಗೆ ಸಮಾಧಾನ ಮಾಡಿ ಒಳಗೆ ಕರೆದುಕೊಂಡು ಹೋಗುತ್ತಾನೆ.

ಅಪ್ಪನೇ ಮಗನ ಕಾಲಿಗೆ ಸಂಕೋಲೆ ಹಾಕಿದ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಬೇರೆಯೇ ಕಂಡಿತು. ಅಂಗಳದ ಬಾಗಿಲು ತೆರೆದೇ ಇದೆ. ಬರಿಗೈಯಲ್ಲಿ ನಡೆದು ಹೋಗಿದ್ದರೆ ಅವನನ್ನು ಯಾರೂ ತಡೆಯುತ್ತಿರಲಿಲ್ಲ. ಆದರೆ ಅವನಿಗೆ ಎಲ್ಲವನ್ನೂ ಕಟ್ಟಿಕೊಂಡು ಹೋಗಬೇಕು, ಅದಕ್ಕೇ ಹೋಗಲಾಗಲಿಲ್ಲ. ಈ ಬಗೆಯ ಧಾರಾವಾಹಿಗಳಲ್ಲಿ ಬರುವ ಬಂಧನ ಇಂಥದ್ದೇ, ಬೀಗವಿಲ್ಲದ್ದು ಅಂತ ನನ್ನ ಅನಿಸಿಕೆ. ನಿಮಗೆ ಹೇಗನ್ನಿಸುತ್ತದೆ, ಬರೆಯಿರಿ.

ರಂಗದ ಹುಳು:
ಪಡಸಾಲೆ ಮೇಡಂ, ತುಂಬ ಒಳ್ಳೆಯ ವಿಷಯ ಎತ್ತಿದ್ದೀರಿ. ಆ ಅಳುವಿನ ಬಗ್ಗೆ ಒಂದು ಮಾತು. ಬರೆದವರು ರೇ ಗಾಲ್ಟನ್ ಮತ್ತು ಆಲನ್ ಸಿಂಪ್ಸನ್. ಅದಕ್ಕೆ ಮುಂಚೆ ವರ್ಷಗಟ್ಟಲೆ ಟೋನಿ ಹ್ಯಾನ್‌ಕಾಕ್ ಎಂಬ ಹಾಸ್ಯನಟನಿಗೆ ಬರೆದವರು. 1962ರ ಜನವರಿಯಲ್ಲಿ ಬಂದ 'ದಿ ಆಫರ್' ಒಂದೇ ಕಂತಿನ ನಾಟಕ, 'ಕಾಮಿಡಿ ಪ್ಲೇಹೌಸ್' ಮಾಲಿಕೆಗಾಗಿ ಬರೆದದ್ದು. ಅದನ್ನು ಮುಂದುವರಿಸುವ ಯೋಚನೆಯೇ ಅವರಿಗೆ ಇರಲಿಲ್ಲ. ಹೆರಾಲ್ಡ್ ಆಗಿ ನಟಿಸಿದ ಹ್ಯಾರಿ ಎಚ್. ಕಾರ್ಬೆಟ್ ಹಾಸ್ಯನಟರಲ್ಲ, ಜೋನ್ ಲಿಟಲ್‌ವುಡ್ ಅವರ ಥಿಯೇಟರ್ ವರ್ಕ್‌ಷಾಪ್ ತಂಡದಿಂದ ಬಂದ ರಂಗನಟರು. ಅಳುವ ದೃಶ್ಯದಲ್ಲಿ ಅವರು ನಿಜವಾಗಿಯೇ ಅತ್ತಾಗ ಬರೆದವರೇ ದಂಗಾದರು. ಹಾಸ್ಯನಟನಾಗಿದ್ದರೆ ಮುಖ ಮುಚ್ಚಿ ಭುಜ ಕುಣಿಸಿ ಮುಗಿಸುತ್ತಿದ್ದ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ದೊಡ್ಡದು. ಗಾಲ್ಟನ್, ಸಿಂಪ್ಸನ್ ಇಬ್ಬರೂ ಭೇಟಿಯಾದದ್ದು 1948ರಲ್ಲಿ, ಸರ್ರೆಯ ಮಿಲ್‌ಫರ್ಡ್ ಕ್ಷಯರೋಗ ಆಸ್ಪತ್ರೆಯಲ್ಲಿ. ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ. ಹಾಸಿಗೆಯಿಂದ ಏಳುವ ಹಾಗಿಲ್ಲ, ಊರಿಗೆ ಹೋಗುವ ಹಾಗಿಲ್ಲ, ಪಕ್ಕದ ಹಾಸಿಗೆಯವನ ಜೊತೆ ಮಾತು ಬಿಟ್ಟರೆ ಬೇರೆ ಏನೂ ಇಲ್ಲ. ಅಲ್ಲಿಂದಲೇ ಅವರ ಬರವಣಿಗೆ ಶುರುವಾಯಿತು. ಆಮೇಲೆ ಬರೆದದ್ದನ್ನು ನೋಡಿ: 1961ರ 'ದ ಬೆಡ್‌ಸಿಟ್ಟರ್' ಕಂತಿನಲ್ಲಿ ಹ್ಯಾನ್‌ಕಾಕ್ ಒಬ್ಬನೇ ಒಂದೇ ಕೋಣೆಯಲ್ಲಿ ಅರ್ಧ ಗಂಟೆ ಕಳೆಯುತ್ತಾನೆ. ಅದೇ ವರ್ಷದ ಇನ್ನೊಂದು ಕಂತು ಕೆಟ್ಟು ನಿಂತ ಲಿಫ್ಟ್ ಒಳಗೆ ನಡೆಯುತ್ತದೆ. ಮರುವರ್ಷ ಸ್ಟೆಪ್ಟೋ. ಹೊರಗೆ ಹೋಗಲಾಗದ ಜಾಗದಲ್ಲಿ ಮನುಷ್ಯ ಹೇಗೆ ಮಾತಾಡುತ್ತಾನೆ ಎಂಬುದು ಅವರಿಗೆ ಮೈಯಲ್ಲೇ ಗೊತ್ತಿತ್ತು.

ಹೊಸಬ:
ನಾನು ಇವ್ಯಾವನ್ನೂ ನೋಡಿಲ್ಲ. ಇಂಗ್ಲಿಷ್ ಹಾಸ್ಯ ಅಂದ್ರೆ 'ಮೈಂಡ್ ಯುವರ್ ಲ್ಯಾಂಗ್ವೇಜ್' ಒಂದೇ ಗೊತ್ತು. ಯಾವುದರಿಂದ ಶುರು ಮಾಡಲಿ? ತುಂಬ ಬೇಜಾರಾಗುವಂಥದ್ದು ಬೇಡ ದಯವಿಟ್ಟು.

ಲೀಡ್ಸ್‌ನಿಂದ:
ಹೊಸಬರೇ, 'ದ ರಾಯ್ಲ್ ಫ್ಯಾಮಿಲಿ' ನೋಡಿ. ನಾನು ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಈ ದೇಶದ ಜನ ಮನೆಯೊಳಗೆ ಹೇಗಿರುತ್ತಾರೆ ಎಂದು ನನಗೆ ಕಲಿಸಿದ್ದು ಅದೇ.

1998ರಲ್ಲಿ ಬಿಬಿಸಿ ಟೂನಲ್ಲಿ ಶುರುವಾಯಿತು. ಕ್ಯಾರೊಲೀನ್ ಅಹರ್ನ್ ಮತ್ತು ಕ್ರೇಗ್ ಕ್ಯಾಷ್ ಇಬ್ಬರೂ ಬರೆದರು, ನಟಿಸಿದರು ಕೂಡ. ಮೊದಲ ಸರಣಿಗೆ ಹೆನ್ರಿ ನಾರ್ಮಲ್ ಜೊತೆಗಿದ್ದರು. ಮ್ಯಾಂಚೆಸ್ಟರಿನ ಒಂದು ಕೂಲಿಕಾರ್ಮಿಕರ ಮನೆ. ಸೋಫಾ, ಆರಾಮ ಕುರ್ಚಿ, ಟೀವಿ, ಟೀ, ಸಿಗರೇಟು. ಕಥೆ ಅಂತ ಹೇಳಿದರೆ ಏನೂ ಇಲ್ಲ, ಕೂತು ಟೀವಿ ನೋಡುತ್ತಾರೆ ಅಷ್ಟೆ. ಕ್ಯಾಮೆರಾ ಸಹ ಆ ಕೋಣೆಯಿಂದ, ಹೆಚ್ಚೆಂದರೆ ಅಡುಗೆಮನೆಯಿಂದ ಆಚೆ ಹೋಗುವುದು ಅಪರೂಪ. ಹಿನ್ನೆಲೆಯಲ್ಲಿ ನಗುವಿನ ಸದ್ದು ಇಲ್ಲ. ಬೇಡವೇ ಬೇಡ ಎಂದು ಅಹರ್ನ್ ಹಟ ಹಿಡಿದು ಗೆದ್ದರು. ಆಗಿನ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಆದರೆ ಪಡಸಾಲೆ ಮೇಡಂ, ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಇದು ಬಂಧನವೇ ಅಲ್ಲ. ಮನೆಯ ಯಜಮಾನ ಜಿಮ್ ಎಲ್ಲದಕ್ಕೂ ಗೊಣಗುತ್ತಾನೆ, ಫೋನ್ ಬಿಲ್ಲು ಬಂದರೆ ಮನೆ ತಲೆಮೇಲೆ ಹೊತ್ತುಕೊಳ್ಳುತ್ತಾನೆ, ಮಗ ಆಂಟನಿಯನ್ನು ಆಳಿನಂತೆ ಓಡಿಸುತ್ತಾನೆ. ಅದೇ ಜಿಮ್ 1999ರ ಕ್ರಿಸ್‌ಮಸ್ ಕಂತಿನಲ್ಲಿ, ತುಂಬು ಗರ್ಭಿಣಿಯಾದ ಮಗಳು ಡೆನೀಸ್ ನೀರು ಒಡೆದು ಬಚ್ಚಲುಮನೆಯಲ್ಲಿ ಹೆದರಿ ಕೂತಾಗ, ಪಕ್ಕದಲ್ಲಿ ಕೂತು ಧೈರ್ಯ ಹೇಳುತ್ತಾನೆ. ಅಷ್ಟು ಕಂತುಗಳಲ್ಲಿ ಬೈದದ್ದೆಲ್ಲ ಆ ಐದು ನಿಮಿಷದಲ್ಲಿ ಕರಗಿಹೋಗುತ್ತದೆ. ಜನವರಿಯ ಚಳಿಯಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ಒಂದು ಕೋಣೆಯನ್ನು ಮಾತ್ರ ಕಾಯಿಸಿಕೊಂಡು ಎಲ್ಲರೂ ಅಲ್ಲೇ ಕೂರುವುದು ಬೆಚ್ಚನೆಯ ಬದುಕು. ಇಲ್ಲಿಗೆ ಬಂದ ಮೊದಲ ವರ್ಷ ನನಗೆ ಅಂಥ ಕೋಣೆ ಇರಲಿಲ್ಲ. ಒಬ್ಬನೇ ಇದ್ದೆ. ಬಂಧನ ಯಾವುದು ಅಂತ ಆಗ ಗೊತ್ತಾಯಿತು.

ಎರಡನೇ ಪಾಳಿ:
ಲೀಡ್ಸ್ ಸರ್, ಕೋಣೆ ಬೆಚ್ಚಗಿದೆ ನಿಜ. ಯಾರಿಗೆ?

ಮುಂದಿನ ಸಲ ರಾಯ್ಲ್ ಫ್ಯಾಮಿಲಿ ನೋಡುವಾಗ ಜಿಮ್‌ನ ಹೆಂಡತಿ ಬಾರ್ಬರಾ ಒಬ್ಬಳನ್ನೇ ನೋಡಿ. ಅರ್ಧ ದಿನ ಬೇಕರಿಯಲ್ಲಿ ದುಡಿದು ಬರುತ್ತಾಳೆ. ಬಂದವರಿಗೆಲ್ಲ ಏನು ತಿಂದೆ, ಟೀ ಕುಡಿಯುತ್ತೀಯಾ ಎಂದು ಕೇಳುತ್ತಾಳೆ. ಗಂಡ ಕುರ್ಚಿಯಿಂದ ಏಳುವುದಿಲ್ಲ, ಮದುವೆಯಾದ ಮಗಳು ಬೆರಳೂ ಅಲ್ಲಾಡಿಸುವುದಿಲ್ಲ. ಸ್ಯೂ ಜಾನ್‌ಸ್ಟನ್ ಆ ಪಾತ್ರವನ್ನು ಎಷ್ಟು ಮೆತ್ತಗೆ ಮಾಡಿದ್ದಾರೆ ಎಂದರೆ ಅವಳ ದಣಿವು ನಮ್ಮ ಕಣ್ಣಿಗೇ ಬೀಳದೆ ಹೋಗಬಹುದು. ನಾನು ಮೊದಲ ಸಲ ನೋಡಿದಾಗ ಗಮನಿಸಿರಲಿಲ್ಲ. ಎರಡನೇ ಸಲ ನೋಡುವ ಹೊತ್ತಿಗೆ ನಾನೂ ಕೆಲಸ ಮುಗಿಸಿ ಬಂದು ಸೀದಾ ಒಲೆ ಮುಂದೆ ನಿಲ್ಲುವವಳಾಗಿದ್ದೆ.

ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಹೋದವರು ಕಾರ್ಲಾ ಲೇನ್. ಅವರ 'ಬಟರ್‌ಫ್ಲೈಸ್' 1978ರಿಂದ 1983ರವರೆಗೆ ಬಿಬಿಸಿಯಲ್ಲಿ ಬಂತು. ವೆಂಡಿ ಕ್ರೇಗ್ ಮಾಡಿದ ರಿಯಾಗೆ ಏನೂ ಕೊರತೆಯಿಲ್ಲ. ದಂತವೈದ್ಯ ಗಂಡ, ಇಬ್ಬರು ಬೆಳೆದ ಗಂಡುಮಕ್ಕಳು, ತೋಟವಿರುವ ದೊಡ್ಡ ಮನೆ. ಗಂಡ ಬೆನ್ ಕೆಟ್ಟವನಲ್ಲ. ಚಿಟ್ಟೆ ಹಿಡಿದು, ಸೂಜಿ ಚುಚ್ಚಿ, ಗಾಜಿನ ಪೆಟ್ಟಿಗೆಯಲ್ಲಿಡುವುದು ಅವನ ಹವ್ಯಾಸ. ರಿಯಾಗೆ ಅಡುಗೆ ಬರುವುದಿಲ್ಲ. ಪ್ರತಿ ಕಂತಿನಲ್ಲಿ ಏನೋ ಸೀದುಹೋಗುತ್ತದೆ, ಮನೆಯ ಮೂವರು ಗಂಡಸರು ತಟ್ಟೆ ನೋಡಿ ಮುಖ ಹಿಂಡುತ್ತಾರೆ. ಜನ ಅದಕ್ಕೆ ನಕ್ಕರು. ನನಗೆ ನಗು ಬರಲೇ ಇಲ್ಲ, ಯಾಕೆಂದರೆ ಆ ಮೂವರಲ್ಲಿ ಒಬ್ಬನೂ ಎದ್ದು ಒಂದು ಮೊಟ್ಟೆ ಬೇಯಿಸಿಕೊಳ್ಳುವುದಿಲ್ಲ. ಲೆನರ್ಡ್ ಎಂಬವನೊಬ್ಬ ಸಿಗುತ್ತಾನೆ. ಪಾರ್ಕಿನಲ್ಲಿ ನಡೆಯುತ್ತಾ ಮಾತಾಡುತ್ತಾರೆ, ಅಷ್ಟೇ. ಅದಕ್ಕಿಂತ ಮುಂದೆ ಹೆಜ್ಜೆ ಇಡಲು ಅವಳಿಗೆ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ದೊಡ್ಡ ಮನೆಯಲ್ಲೂ ಉಸಿರು ಕಟ್ಟುತ್ತದೆ ಎಂದು ಬರೆಯಲು ಗುಜರಿ ಅಂಗಳ ಬೇಕಾಗಿಲ್ಲ.

ಪಡಸಾಲೆ ಅಕ್ಕ, ಹೆರಾಲ್ಡ್‌ಗೆ ಬಾಗಿಲು ತೆರೆದಿತ್ತು ಅಂದಿರಿ. ಸರಿ. ರಿಯಾಗೆ, ಬಾರ್ಬರಾಗೆ? ಅವರು ಹೋದರೆ ಆ ಮನೆ ಮರುದಿನ ನಡೆಯುವುದಿಲ್ಲ. ಅದು ಬೀಗವೇ ಅಲ್ಲವೇ?

ಪಡಸಾಲೆ:
ಎರಡನೇ ಪಾಳಿ, ನಿಮ್ಮ ಮಾತು ನನಗೆ ನಾಟಿತು. ಬೀಗವಿಲ್ಲ ಎಂದು ನಾನು ಬರೆದಾಗ ಹೆರಾಲ್ಡ್‌ನನ್ನು ಮಾತ್ರ ನೋಡುತ್ತಿದ್ದೆ, ನನ್ನನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾನು ಎರಡು ದಿನ ಊರಲ್ಲಿಲ್ಲದಿದ್ದರೆ ಅಪ್ಪನ ಮಾತ್ರೆ ಕೊಡುವವರು ಯಾರು ಎಂಬುದು ನಮ್ಮ ಮನೆಯಲ್ಲೂ ಇನ್ನೂ ತೀರ್ಮಾನವಾಗದ ಪ್ರಶ್ನೆ. ಅಣ್ಣ ದುಡ್ಡು ಕಳಿಸುತ್ತಾನೆ. ಯೋಚಿಸಿ ಬರೆಯುತ್ತೇನೆ.

ಹಳೇ ಆಂಟೆನಾ:
ಇಲ್ಲಿ ಇನ್ನೂ ಯಾರೂ ಹೇಳದ ಒಂದು ಮನೆ ಇದೆ. 'ಟಿಲ್ ಡೆತ್ ಅಸ್ ಡು ಪಾರ್ಟ್', ಜಾನಿ ಸ್ಪೈಟ್ ಬರೆದದ್ದು, 1965ರಲ್ಲಿ ಶುರುವಾಗಿ 1975ರವರೆಗೆ ಬಂತು. ಪೂರ್ವ ಲಂಡನ್ನಿನ ವಾಪಿಂಗ್‌ನ ಪುಟ್ಟ ಮನೆ. ಆಲ್ಫ್ ಗಾರ್ನೆಟ್, ಹೆಂಡತಿ ಎಲ್ಸ್, ಮಗಳು ರೀಟಾ, ಅಳಿಯ ಮೈಕ್. ಅಳಿಯ ಎಡಪಂಥೀಯ, ಮಾವ ವಲಸಿಗರನ್ನು ಕಂಡರೆ ಉರಿದುಬೀಳುವ ರಾಜಭಕ್ತ. ಬೇರೆ ಮನೆ ಮಾಡುವ ಶಕ್ತಿ ಇಲ್ಲದ್ದರಿಂದ ಒಂದೇ ಮೇಜಿನಲ್ಲಿ ಕೂತು ಉಣ್ಣಬೇಕು. ಸ್ಪೈಟ್ ಆಲ್ಫ್‌ನನ್ನು ಬಯಲಿಗೆಳೆಯಲೆಂದು ಬರೆದರು. ಆದರೆ ಅವನ ಮಾತು ತಮ್ಮದೇ ಮಾತು ಎಂದು ಚಪ್ಪಾಳೆ ತಟ್ಟಿದವರೂ ಇದ್ದರು. ನಮ್ಮ ಜನರನ್ನು ಹೀಗಳೆಯುವ ಮಾತು ಅದರಲ್ಲಿ ಬೇಕಾದಷ್ಟಿದೆ, ಕೇಳಲು ನನಗೆ ಕಷ್ಟವಾಗುತ್ತದೆ. ಇದರಿಂದಲೇ ಅಮೆರಿಕದಲ್ಲಿ 1971ರಲ್ಲಿ 'ಆಲ್ ಇನ್ ದ ಫ್ಯಾಮಿಲಿ' ಹುಟ್ಟಿತು. ಮರುವರ್ಷ ಸ್ಟೆಪ್ಟೋದಿಂದ 'ಸ್ಯಾನ್‌ಫರ್ಡ್ ಅಂಡ್ ಸನ್'.

ಮೂರು ದಶಕ ಕಳೆದ ಮೇಲೆ, 2001ರಲ್ಲಿ, ಅದೇ ಲಂಡನ್ನಿನ ಇನ್ನೊಂದು ಮೂಲೆಯ ವೆಂಬ್ಲಿಯಲ್ಲಿ ಒಂದು ಭಾರತೀಯ ಮನೆ ಬಂತು: 'ದ ಕುಮಾರ್ಸ್ ಅಟ್ ನಂಬರ್ 42'. ಮಗ ಟೀವಿ ಸಂದರ್ಶಕನಾಗಬೇಕು ಅನ್ನುತ್ತಾನೆ, ಅಪ್ಪ ಅಮ್ಮ ಹಿತ್ತಲಲ್ಲೇ ಸ್ಟುಡಿಯೋ ಕಟ್ಟಿಸಿಕೊಡುತ್ತಾರೆ. ನಿಜವಾದ ಖ್ಯಾತನಾಮರು ಅತಿಥಿಗಳಾಗಿ ಬರುತ್ತಾರೆ. ಮಗ ಪ್ರಶ್ನೆ ಕೇಳುವ ಮೊದಲೇ ಅಪ್ಪ ಸಂಬಳ ವಿಚಾರಿಸುತ್ತಾನೆ, ಅಮ್ಮ ತಿಂಡಿ ಕೊಡುತ್ತಾಳೆ, ಅಜ್ಜಿ ಮಧ್ಯೆ ಬಾಯಿ ಹಾಕುತ್ತಾಳೆ. ಆ ಅಜ್ಜಿಯಾಗಿ ನಟಿಸಿದ ಮೀರಾ ಸ್ಯಾಲ್ ಅವರಿಗೆ ಆಗ ನಲವತ್ತರ ಆಸುಪಾಸು. ಹೆರಾಲ್ಡ್‌ನ ಅಪ್ಪ ಗಾಡಿಗೆ ಕುದುರೆ ಕೊಡಲಿಲ್ಲ. ಕುಮಾರ್ ಮನೆಯವರು ಕೇಳಿದ್ದೆಲ್ಲ ಕೊಟ್ಟು ಮಗನನ್ನು ಹಿತ್ತಲಲ್ಲೇ ಉಳಿಸಿಕೊಂಡರು. ಎರಡನೆಯದು ನಮಗೆಲ್ಲ ಹೆಚ್ಚು ಗೊತ್ತಿರುವ ದಾರಿ.

ಧಾರವಾಡದಾಂವ:
ನಾ ಹೇಳೂದು ಗಂಡ-ಹೆಂಡತಿ ಬಗ್ಗೆ ಐತ್ರಿ. 'ಒನ್ ಫುಟ್ ಇನ್ ದ ಗ್ರೇವ್' ಯಾರೂ ನೋಡಿಲ್ಲೇನು? ಡೇವಿಡ್ ರೆನ್ವಿಕ್ ಬರದದ್ದು, 1990ರಿಂದ 2000ದ ತನಕಾ ಬಂತು. ವಿಕ್ಟರ್ ಮೆಲ್ಡ್ರೂ ಒಂದ್ ಆಫೀಸಿನ್ಯಾಗ ಸೆಕ್ಯುರಿಟಿ ಕೆಲಸಾ ಮಾಡಾಂವ. ಒಂದ್ ದಿನಾ ಅವನ ಜಾಗಾದಾಗ ಒಂದ್ ಡಬ್ಬಿ, ಯಂತ್ರದ್ದು, ತಂದ್ ಇಟ್ಟು ಅವನ್ನ ಮನಿಗೆ ಕಳಸ್ತಾರ. ಅಲ್ಲಿಂದ ಮುಂದ ಮನ್ಯಾಗ ಅಂವ, ಅವನ ಹೆಂಡತಿ ಮಾರ್ಗರೆಟ್ಟು, ಅಷ್ಟ.

ಅದರಾಗ 1990ರಾಗ ಬಂದ 'ಟೈಮ್‌ಲೆಸ್ ಟೈಮ್' ಅಂತ ಒಂದ್ ಕಂತು ಐತಿ. ರಾತ್ರಿ. ಇಬ್ರೂ ಹಾಸಿಗ್ಯಾಗ. ನಿದ್ದಿ ಬರಂಗಿಲ್ಲ. ಅರ್ಧಾ ತಾಸು ಬರೇ ಅದ. ಅಂವ ಮಗ್ಗಲಾ ಬದಲಸ್ತಾನ, ಆಕಿ ಸುಮ್ನ ಮಲ್ಕೋ ಅಂತಾಳ, ಏನರೆ ಸಪ್ಪಳಾ ಆಗ್ತದ, ಮತ್ತ ಮಾತು. ನಕ್ಕು ನಕ್ಕು ಸಾಕಾಗ್ತದ. ನಡುವ ಒಂದ್ ಹೆಸರ್ ಬರ್ತದ, ಸ್ಟುವರ್ಟ್ ಅಂತ. ತೀರಿ ಹೋದ ಅವರ ಕೂಸು. ಅದರ ಬಗ್ಗೆ ಇಬ್ರೂ ಹೆಚ್ಚಿಗೆ ಮಾತಾಡಂಗಿಲ್ಲ, ಮುಂದ ಹೋಗ್ತಾರ. ಅದ ಒಂದ್ ಮಾತು ಕೇಳಿದಮ್ಯಾಗ ಇವರಿಬ್ರೂ ಇಷ್ಟ್ ಜಗಳಾ ಮಾಡ್ಕೋತ ಒಂದ ಹಾಸಿಗ್ಯಾಗ ಯಾಕ ಇದ್ದಾರ ಅನ್ನೂದು ತಿಳೀತದ.

ನಮ್ಮ ಅವ್ವಾ ಅಪ್ಪಾ ಹಿಂಗ ರಾತ್ರಿ ಮಾತಾಡ್ತಿದ್ರು. ನಾವು ಹುಡುಗ್ರು ಗೋಡಿ ಆಚೆ ಕೇಳಸ್ಕೋತ ಬಿದ್ಕೊಂಡಿರ್ತಿದ್ವಿ. ಮೊದ್ಲ ಜಗಳಾ ಅಂತ ಹೆದರ್ತಿದ್ವಿ. ದೊಡ್ಡಾವ್ರಾದ ಮ್ಯಾಗ ಗೊತ್ತಾತು, ಹಗಲ್ಹೊತ್ತಿನ್ಯಾಗ ಮಂದಿ ತುಂಬಿದ ಮನ್ಯಾಗ ಅವರಿಗೆ ಮಾತಾಡಾಕ ಜಾಗಾನ ಇರ್ಲಿಲ್ಲ ಅಂತ.

ರೆನ್ವಿಕ್ ಇಂಥಾವು ಭಾಳ ಬರದಾರ. ಟ್ರಾಫಿಕ್ಕಿನ್ಯಾಗ ಸಿಕ್ಕ ಕಾರು ಒಂದ ಕಂತು. ವಕೀಲರ ಆಫೀಸಿನ ಕಾಯೋ ಕೋಣಿ ಇನ್ನೊಂದು. 1993ರ 'ದ ಟ್ರಯಲ್'ನ್ಯಾಗ ವಿಕ್ಟರ್ ಒಬ್ಬನ, ಹೊರಗ ಮಳಿ, ಜ್ಯೂರಿ ಕೆಲಸಕ್ಕ ಕರೀತಾರಂತ ಮನ್ಯಾಗ ಕಾಯ್ಕೋತ ಕುಂತಾನ. ವಿಕ್ಟರ್ ಪಾತ್ರ ಮಾಡಿದ ರಿಚರ್ಡ್ ವಿಲ್ಸನ್ ಒಬ್ಬರ ಎಳದಾರ ಇಡೀ ಕಂತು.

ರಂಗದ ಹುಳು:
ಧಾರವಾಡದವರೇ, ಬಹಳ ಒಳ್ಳೆಯ ಉದಾಹರಣೆ ಕೊಟ್ಟಿರಿ. ಇಕ್ಕಟ್ಟು ಹುಟ್ಟಿದ್ದು ಕಥೆಯಿಂದ ಮಾತ್ರವಲ್ಲ, ಕಸುಬಿನಿಂದಲೂ ಎಂದು ಸೇರಿಸುತ್ತೇನೆ. ಆ ಕಾಲದ ಬಿಬಿಸಿ ಹಾಸ್ಯ ಧಾರಾವಾಹಿ ಎಂದರೆ ಸ್ಟುಡಿಯೋದಲ್ಲಿ ಹಾಕಿದ ಎರಡು ಮೂರು ಸೆಟ್‌ಗಳು. ಮೂರೇ ಗೋಡೆ, ನಾಲ್ಕನೆಯ ಗೋಡೆಯ ಜಾಗದಲ್ಲಿ ಕ್ಯಾಮೆರಾಗಳು, ಅವುಗಳ ಹಿಂದೆ ಕೂತ ಪ್ರೇಕ್ಷಕರು. ವಾರವಿಡೀ ತಾಲೀಮು, ಒಂದು ಸಂಜೆ ರೆಕಾರ್ಡಿಂಗ್. ಬಾಗಿಲಿನಿಂದ ಬರುವುದು, ಸೋಫಾದಲ್ಲಿ ಕೂರುವುದು, ಎದ್ದು ಹೋಗುವುದು, ಎಲ್ಲವೂ ನಾಟಕದ ಪ್ರವೇಶ ನಿಷ್ಕ್ರಮಣದಂತೆಯೇ. ಒಂದು ಸರಣಿಗೆ ಬಹುತೇಕ ಆರೋ ಏಳೋ ಕಂತು, ಬರೆಯುವವರು ಒಬ್ಬರು ಅಥವಾ ಇಬ್ಬರು. ಹಾಗಾಗಿ ಒಂದು ಕೋಣೆಯನ್ನು ಹಿಡಿದು ಆಳಕ್ಕೆ ಹೋಗಲು ಸಾಧ್ಯವಾಯಿತು.

ಇದನ್ನು ಸ್ಟೆಪ್ಟೋದ 1972ರ 'ಡಿವೈಡೆಡ್ ವಿ ಸ್ಟ್ಯಾಂಡ್' ಕಂತು ಬಳಸಿಕೊಂಡ ರೀತಿ ನೋಡಬೇಕು. ಮನೆಗೆ ಬಣ್ಣ ಹೊಡೆಯುವ ವಿಷಯಕ್ಕೆ ಜಗಳ ಬಂದು ಹೆರಾಲ್ಡ್ ಮನೆಯನ್ನೇ ಹಲಗೆ ಹೊಡೆದು ಎರಡು ಪಾಲು ಮಾಡುತ್ತಾನೆ. ದಾಟಬೇಕಾದರೆ ಕಾಸು ಹಾಕಿ ತಿರುಗಿಸುವ ಗೇಟು. ಗೋಡೆ ಟೀವಿಯ ನಡುವೆಯೇ ಹಾದುಹೋಗುತ್ತದೆ, ಇವನಿಗೆ ಅರ್ಧ ತೆರೆ, ಅವನಿಗೆ ಅರ್ಧ. ನಮ್ಮಲ್ಲಿ ಹಿಸ್ಸೆಯಾದ ಮನೆಗಳ ನಡುಮನೆಯಲ್ಲಿ ಎದ್ದ ಇಟ್ಟಿಗೆ ಗೋಡೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ ವರ್ಷದ 'ದ ಡೆಸ್ಪರೇಟ್ ಅವರ್ಸ್' ನನ್ನ ಪ್ರಕಾರ ಇಡೀ ಧಾರಾವಾಹಿಯ ಶಿಖರ. ಜೈಲಿನಿಂದ ತಪ್ಪಿಸಿಕೊಂಡ ಇಬ್ಬರು, ಒಬ್ಬ ಪ್ರಾಯದವನು, ಒಬ್ಬ ಮುದುಕ, ಈ ಮನೆಗೆ ನುಗ್ಗುತ್ತಾರೆ. ತಿನ್ನಲು ಇಲ್ಲ, ದುಡ್ಡಿಲ್ಲ, ಬೆಚ್ಚಗೂ ಇಲ್ಲ. ಜೈಲೇ ಇದಕ್ಕಿಂತ ಮೇಲು ಎಂದು ಅವರಿಗೆ ಅನ್ನಿಸತೊಡಗುತ್ತದೆ. ಮುದುಕನನ್ನು ಬಿಟ್ಟು ಓಡಿಹೋಗಲು ಆ ಕಿರಿಯನಿಗೂ ಆಗುವುದಿಲ್ಲ. ಅವನ ಪಾತ್ರ ಮಾಡಿದ್ದು ಲೆನರ್ಡ್ ರಾಸಿಟರ್. ಅವನೂ ಹೆರಾಲ್ಡೂ ಒಬ್ಬರನ್ನೊಬ್ಬರು ಗುರುತಿಸುವ ಕ್ಷಣವಿದೆಯಲ್ಲ, ಅಲ್ಲಿ ಪಡಸಾಲೆ ಅವರ ಪ್ರಶ್ನೆಗೆ ಉತ್ತರದ ಒಂದು ತುಂಡು ಇದೆ.

ಹೊಸಬ:
ನೀವೆಲ್ಲ ಹೇಳಿದ ಮೇಲೆ ರಾಯ್ಲ್ ಫ್ಯಾಮಿಲಿ ಮೂರು ಕಂತು ನೋಡಿದೆ. ಮೊದಲನೆಯದರಲ್ಲಿ ಏನೂ ಆಗುವುದಿಲ್ಲವಲ್ಲ ಅಂತ ಕಾದೆ. ಮೂರನೆಯದರ ಹೊತ್ತಿಗೆ ಕಾಯುವುದನ್ನು ಬಿಟ್ಟೆ, ಆಮೇಲೆ ಚೆನ್ನಾಗಿದೆ ಅನ್ನಿಸಿತು. ಮಾತು ಹಿಡಿಯುವುದು ಕಷ್ಟ, ಸಬ್‌ಟೈಟಲ್ ಹಾಕಿಕೊಂಡೆ. ಶುರುವಿನ ಹಾಡು ಯಾರದ್ದು?

ಲೀಡ್ಸ್‌ನಿಂದ:
ಓಯಸಿಸ್ ತಂಡದ್ದು, 'ಹಾಫ್ ದ ವರ್ಲ್ಡ್ ಅವೇ'. ಅವರೂ ಮ್ಯಾಂಚೆಸ್ಟರಿನವರೇ. ಈ ಊರು ಬಿಟ್ಟು ಎಲ್ಲಿಗಾದರೂ ಹೋಗಬೇಕು ಎನ್ನುವವನ ಹಾಡು ಅದು. ನೀವು ಕೇಳಿದ ಮೇಲೆ ಹೊಳೆಯಿತು: ಪ್ರತಿ ಕಂತೂ ಊರು ಬಿಡುವ ಹಾಡಿನಿಂದ ಶುರುವಾಗುತ್ತದೆ, ಆಮೇಲೆ ಅರ್ಧ ಗಂಟೆ ಯಾರೂ ಸೋಫಾ ಬಿಡುವುದಿಲ್ಲ.

ಎರಡನೇ ಪಾಳಿಯವರ ಮಾತಿಗೆ ನಾನು ಮೊನ್ನೆಯಿಂದ ಉತ್ತರ ಹುಡುಕುತ್ತಿದ್ದೆ. 2006ರ ವಿಶೇಷ ಕಂತು 'ದ ಕ್ವೀನ್ ಆಫ್ ಶೀಬಾ' ಮತ್ತೆ ನೋಡಿದೆ. ಅಜ್ಜಿಗೆ ಹುಷಾರಿಲ್ಲ, ಅವರ ಮಂಚ ಈ ಮನೆಗೇ ಬಂದಿದೆ. ಬಾರ್ಬರಾ ಅಮ್ಮನ ತಲೆ ಬಾಚುತ್ತಾ ಮಾತಾಡುವ ದೃಶ್ಯವಿದೆ. ಲಿಜ್ ಸ್ಮಿತ್ ಮತ್ತು ಸ್ಯೂ ಜಾನ್‌ಸ್ಟನ್. ಹಾಸ್ಯ ಧಾರಾವಾಹಿಯಲ್ಲಿ ಇಂಥದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಪ್ರೀತಿ ಇದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ನೀವು ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದಾಗ ಬಾಚಣಿಗೆ ಹಿಡಿದ ಕೈ ಯಾರದ್ದು ಎಂಬುದೂ ಕಂಡಿತು. ಬೆಚ್ಚನೆಯ ಕೋಣೆ ಎಂದು ನಾನು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅದನ್ನು ಬೆಚ್ಚಗಿಟ್ಟವಳ ಹೆಸರು ಅಲ್ಲಿ ಬರೆಯಬೇಕಿತ್ತು.

ಎರಡನೇ ಪಾಳಿ:
ಅಷ್ಟು ಒಪ್ಪಿಕೊಂಡಿರಲ್ಲ ಸರ್, ಸಂತೋಷ. ಆ ತಲೆ ಬಾಚುವ ದೃಶ್ಯ ನನಗೂ ಬಲು ಪ್ರಿಯ. ಹೊಸ ಕಾಲದ್ದು ಬೇಕಾದವರು 'ಹಿಮ್ ಅಂಡ್ ಹರ್' ನೋಡಿ, 2010ರಿಂದ 2013. ಮೊದಲ ಮೂರು ಸರಣಿ ಪೂರ್ತಿ ಒಂದು ಪುಟ್ಟ ಫ್ಲ್ಯಾಟ್‌ನಲ್ಲಿ, ಒಂದು ಜೋಡಿಯ ಸುತ್ತ. ಅಲ್ಲಿ ಇಬ್ಬರೂ ಸಮಾನವಾಗಿ ಸೋಮಾರಿಗಳು. ಹೊರಗಿನಿಂದ ನೆಂಟರು ಬಂದಾಗ ಮಾತ್ರ ಕೋಣೆ ಇಕ್ಕಟ್ಟಾಗುತ್ತದೆ. ಬರೆದದ್ದು ಸ್ಟೆಫಾನ್ ಗೊಲಷೆವ್ಸ್ಕಿ. ಅವರದ್ದೇ 'ಮಮ್' ಕೂಡ ಬಿಡಬೇಡಿ. ಅಲ್ಲಿ ಗಂಡ ಸತ್ತ ಮೇಲೆ ಉಳಿದ ಹೆಂಗಸು, ಅವಳ ಮನೆ ತುಂಬ ಬೇರೆಯವರ ಗದ್ದಲ. ಲೆಸ್ಲಿ ಮ್ಯಾನ್‌ವಿಲ್ ಮುಖದಲ್ಲೇ ಎಲ್ಲ ಹೇಳುತ್ತಾರೆ.

ಪಡಸಾಲೆ:
ಎಲ್ಲರಿಗೂ ವಂದನೆ. ಒಂದು ಸಂಗತಿ ಹೇಳಲೆಂದೇ ಬಂದೆ.

ನಿನ್ನೆ ಭಾನುವಾರ ಮಧ್ಯಾಹ್ನ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು 'ದಿ ಆಫರ್' ಮತ್ತೆ ಹಾಕಿದೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅದೂ ಲಂಡನ್ನಿನ ಗುಜರಿಯವರ ಇಂಗ್ಲಿಷ್ ತಿಳಿಯುವ ಮಾತೇ ಇಲ್ಲ. ನಡುನಡುವೆ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಪ್ಪ ನಗಲಿಲ್ಲ. ಕಣ್ಣು ಕೀಲಿಸಿ ನೋಡಿದರು. ಗಾಡಿ ಕದಲದೆ ಹೆರಾಲ್ಡ್ ಅಳುವ ಹೊತ್ತಿಗೆ ಕೇಳಿದರು, "ಕುದುರೆ ಯಾಕೆ ಕಟ್ಟಲಿಲ್ಲ ಅವನು?"

"ಅವರಪ್ಪ ಕೊಡಲಿಲ್ಲ, ಅಪ್ಪ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಂತು ಮುಗಿದು ತೆರೆ ಕಪ್ಪಾಯಿತು. ಕಾಫಿ ಮಾಡಲು ನಾನು ಒಳಗೆ ಹೋಗಿದ್ದೆ. ಅಲ್ಲಿಂದಲೇ ಕೇಳಿಸಿತು, ಅಪ್ಪ ಫೋನಿನಲ್ಲಿ ಅಣ್ಣನ ಜೊತೆ ಮಾತಾಡುತ್ತಿದ್ದರು. ಮುಂದಿನ ತಿಂಗಳು ಹತ್ತು ದಿನ ರಜೆ ಹಾಕಿ ಬಂದು ಇಲ್ಲಿರು, ಅವಳು ಎಲ್ಲಿಗಾದರೂ ಹೋಗಿ ಬರಲಿ ಎಂದು.

ಎಲ್ಲಿಗೆ ಹೋಗಬೇಕು ಎಂದು ಇನ್ನೂ ಯೋಚಿಸಿಲ್ಲ. ಮುಂದಿನ ಭಾನುವಾರ ಅಪ್ಪನಿಗೆ ಆ ಹಲಗೆ ಗೋಡೆಯ ಕಂತು ತೋರಿಸುತ್ತೇನೆ.